ದೈಫುಲ್ಲಾ ಸಾಹೇಬರ ಕೊನೆಯ ಒಪ್ಪಂದ

ದೈಫುಲ್ಲಾ ಸಾಹೇಬರ ಮೇಲೆ ನನಗೆ ಈಗಲೂ ಸಿಟ್ಟಿದೆ. ಅದನ್ನು ಮುಚ್ಚಿಟ್ಟು ಅವರ ಬಗ್ಗೆ ಬರೆಯಲು ನನ್ನಿಂದಾಗದು.

ಕರಕ್ ಬೆಟ್ಟಗಳ ಕೆಳಗೆ, ಮೇಕೆಕೂದಲಿನ ಗುಡಾರದಲ್ಲಿ ಹುಟ್ಟಿದವರು. ವಿದೇಶಾಂಗ ಇಲಾಖೆಗೆ ಗುಮಾಸ್ತರಾಗಿ ಸೇರಿ ರಾಯಭಾರಿಯಾದರು. ಮೂವತ್ತೊಂದು ವರ್ಷ ಪರದೇಶ ಸುತ್ತಿದರು. ಆಫ್ರಿಕಾದಲ್ಲಿ ಎರಡು ಪಡೆಗಳು ಅವರ ಮಾತು ಕೇಳಿ ಬಂದೂಕು ಕೆಳಗಿಟ್ಟವಂತೆ. ಮಾತುಕತೆಗೆ ಕೂತಲ್ಲಿ ಯಾರು ಏನು ಕೊಟ್ಟರೂ ಮೊದಲು ತಾವೇ ಕುಡಿಯುವುದು ಅವರ ಪದ್ಧತಿ. ವಿಷ ಬೆರೆಸಿದ್ದಾರೆಂದು ಹೆದರಿ ಕೂತವರಿಗೆ ಆಗ ಧೈರ್ಯ ಬರುತ್ತಿತ್ತು. ಹೆಂಡತಿ ತೀರಿಕೊಂಡ ಮೇಲೆ ಊರಿಗೆ ಬಂದು ಕೋಳಿ ಸಾಕಿದರು. "ಲೋಕದ ಜಗಳ ಮುಗೀತು, ಇನ್ನು ಹುಂಜಗಳಿಗೆ ಬುದ್ಧಿ ಹೇಳ್ತಾರೆ" ಎಂದು ಊರವರು ನಗುತ್ತಿದ್ದರು.

ಅವರಿಗೆ ಹೇಳಿಕಳಿಸಿದವನು ನಾನೇ. ಒಂಬತ್ತು ವರ್ಷದ ಹಿಂದೆ ಬಾವಿಯ ಸರದಿಯ ಜಗಳದಲ್ಲಿ ನನ್ನಣ್ಣ ಖಲಫ್, ಹಮ್ದಾನನ ಹಿರಿಯ ಮಗನನ್ನು ಕೊಂದ. ಅಣ್ಣ ಜೈಲು ಸೇರಿದ. ನಮ್ಮ ಕಟ್ಟಳೆಯಂತೆ ಉಳಿದ ನಾವು ಸೀಮೆ ಬಿಟ್ಟು ದೂರದ ಜರ್ಕಾ ಪಟ್ಟಣದ ಬಾಡಿಗೆ ಕೋಣೆ ಸೇರಿದೆವು. ಹಮ್ದಾನ್ ಕ್ಷಮಿಸುವವರೆಗೆ ಊರಿಗೆ ಕಾಲಿಡುವಂತಿಲ್ಲ. ಅಮ್ಮನಿಗೆ ಇದ್ದದ್ದು ಒಂದೇ ಆಸೆ, ತನ್ನ ಮನೆಯಲ್ಲಿ ಸಾಯಬೇಕು.

ಸಾಹೇಬರು ಹನ್ನೆರಡು ಹಿರಿಯರನ್ನು ಕಟ್ಟಿಕೊಂಡು ಹಮ್ದಾನನ ಮನೆಗೆ ಹೋದರು. ನಾನು ಸೀಮೆಯ ಗಡಿಯಲ್ಲಿ, ರಸ್ತೆಯ ತಿರುವಿನಲ್ಲಿ ಕಾದೆ. ಒಳಗೆ ನಡೆದದ್ದನ್ನು ಆ ಹಿರಿಯರಲ್ಲೊಬ್ಬರು ಆಮೇಲೆ ಹೇಳಿದರು.

ಬೇಡಲು ಹೋದವರು ಕಾಫಿ ಬಟ್ಟಲನ್ನು ಮುಟ್ಟದೆ ಮುಂದಿಡಬೇಕು. "ಕುಡೀರಿ, ಕೇಳಿದ್ದು ಕೊಟ್ಟೆ" ಎಂದು ಮನೆಯವನು ಹೇಳಿದ ಮೇಲೆಯೇ ಕುಡಿಯಬೇಕು. ನಮ್ಮಲ್ಲಿ ಇದು ಎಳೆ ಮಕ್ಕಳಿಗೂ ಗೊತ್ತು. ಹಮ್ದಾನ್ ತಾನೇ ಕಾಫಿ ಬಗ್ಗಿಸಿ ಕೊಟ್ಟ. ಸಾಹೇಬರು ಅವನ ಮುಖ ನೋಡಿ ನಕ್ಕು, ಗುಟುಕರಿಸಿಬಿಟ್ಟರು!

ಸಾಹೇಬರು ಖಾಲಿ ಬಟ್ಟಲು ನೋಡಿ ಬಿಳಿಚಿಕೊಂಡರು.

"ಹಮ್ದಾನ್, ನನ್ನಿಂದ ತಪ್ಪಾಯ್ತು. ನಾವು ಬಂದದ್ದು..."

ಹಮ್ದಾನನ ಕಿರಿಮಗ ಎದ್ದು ನಿಂತ. "ಬೇಡೋಕೆ ಬಂದೋರು ಹೀಗೆ ಕುಡೀತಾರಾ ಸಾಹೇಬ್ರೇ? ನಮ್ಮಣ್ಣನ ರಕ್ತ ಅಷ್ಟು ಸಸ್ತಾನಾ?"

ಹಮ್ದಾನ್ ಮಗನ ಕೈ ಹಿಡಿದು ಕೂರಿಸಿದ. "ಕೊಡಬೇಕು ಅಂತಲೇ ಇದ್ದೆ, ದೈಫುಲ್ಲಾ. ಇನ್ನು ಈ ಹುಡುಗರ ಎದುರು ಹ್ಯಾಗೆ ಕೊಡಲಿ? ಊಟ ಮಾಡ್ಕೊಂಡು ಹೋಗಿ."

ಆ ದಿನ ತಿರುವಿನಲ್ಲಿ ಸಾಹೇಬರಿಗೆ ಬಾಯಿಗೆ ಬಂದಂತೆ ಬೈದೆ. "ಸುಮ್ನಿರೋ, ದೊಡ್ಡೋರು" ಎಂದು ಯಾರೋ ತಡೆದರು. ಸಾಹೇಬರು ಮಾತ್ರ ತಡೆಯಲಿಲ್ಲ.

ನಾಲ್ಕು ತಿಂಗಳಿಗೆ ಜರ್ಕಾದ ಕೋಣೆಯಲ್ಲೇ ಅಮ್ಮ ಹೋದಳು. ಸುದ್ದಿ ಮುಟ್ಟಿದ ಕೂಡಲೇ ಸಾಹೇಬರು ಒಬ್ಬರೇ ಹಮ್ದಾನನ ಬಾಗಿಲಿಗೆ ಹೋಗಿ, ಒಳಗೆ ಬಾ ಎಂದರೂ ಬಾರದೆ ಹೊಸ್ತಿಲಾಚೆ ನಿಂತರಂತೆ. ಅಮ್ಮನಿಗೆ ಆರಡಿ ಜಾಗ ಕೇಳಿದರು. ಅವರ ಬದುಕಿನ ಕೊನೆಯ ಒಪ್ಪಂದ ಅದು. ಸತ್ತವಳು ಬರಬಹುದು, ಬದುಕಿರುವವರು ಬರಬಾರದು.

ಅದೇ ತಿರುವಿನಲ್ಲಿ ಅಮ್ಮನನ್ನು ಅವರ ಗಾಡಿಗೆ ಏರಿಸಿದೆ.

"ಒಂದು ಹಿಡಿ ಮಣ್ಣು ಹಾಕೋಕೂ ನನ್ನ ಬಿಡಲ್ವಾ?"

"ಕೇಳಿದೆ ಮಗಾ. ಎರಡು ಸಲ ಕೇಳಿದೆ."

ಹೊತ್ತು ಇಳಿಯುವಾಗ ಹಿಂತಿರುಗಿದರು. ಎಪ್ಪತ್ತಾರು ವರ್ಷದ ಮನುಷ್ಯ, ಮೊಣಕಾಲೆಲ್ಲ ಮಣ್ಣು. ಗೋರಿಗೆ ಇಳಿಸಿದ್ದು ಯಾರು ಎಂದು ಕೇಳಿದೆ.

"ಹಮ್ದಾನನ ಕಿರಿಮಗ. ಈ ವಯಸ್ಸಲ್ಲಿ ನನಗೆ ಇಳಿಯೋಕಾಗ್ಲಿಲ್ಲ. ಅವನೇ ಇಳಿದ. ತಲೆ ಕೆಳಗೆ ಕೈ ಕೊಟ್ಟು, ಹುಷಾರಾಗಿ ಮಲಗಿಸಿದ."

ಅವನು ನನ್ನಣ್ಣನ ಕೈಲಿ ಸತ್ತವನ ತಮ್ಮ. ಅವಳ ಮಗನಾದ ನಾನು ರಸ್ತೆಯಲ್ಲಿ ನಿಂತಿದ್ದೆ.