ಮೂಲೆಗೆ ಗಿಡಿದ ಹತ್ತಿ

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದ ಅವನನ್ನು ಜೊತೆಯವರು ಕಿವಿರಾಯ ಎನ್ನುತ್ತಿದ್ದರು. ಹೊಸ ಸ್ಪೀಕರ್ ತಂದ ದಿನದಿಂದ ಅವನಿಗೆ ಊಟ ರುಚಿಸಲಿಲ್ಲ. ನಡುಮನೆಯಲ್ಲಿ ಚಪ್ಪಾಳೆ ತಟ್ಟಿದರೆ ಗೋಡೆಗಳು ಟಣ್ಣೆನ್ನುತ್ತಿದ್ದವು. ಮಂದ್ರ ಸ್ವರಗಳೆಲ್ಲ ಮೂಲೆ ಸೇರಿ ಗುಂಯ್‌ಗುಡುತ್ತಿದ್ದವು. ದೋಷ ಸ್ಪೀಕರಿನದಲ್ಲ, ಕೋಣೆಯದು ಎಂದು ತೀರ್ಮಾನಿಸಿದ.

ಕನ್ನಡಿ ಹೊರಬಿತ್ತು, ಗಾಜಿನ ಬೀರು ಹೊರಬಿತ್ತು. ಆಮೇಲೆ ಕಿಟಕಿ ಪಕ್ಕ ಮಲಗಿರುತ್ತಿದ್ದ ಅತ್ತೆಯ ಸರದಿ.

"ಮಂಚ ಕಿರುಗುಟ್ಟುತ್ತೆ. ಅವರು ಕೆಮ್ಮಿದ್ರೆ ಅರ್ಧ ಹಾಡೇ ಹೋಗುತ್ತೆ."

"ಅಮ್ಮನ್ನ ಎಲ್ಲಿ ಮಲಗಿಸ್ಲಿ, ನನ್ನ ತಲೆ ಮೇಲಾ?" ಎಂದಳು ಹೆಂಡತಿ.

"ಹಿಂಬಾಗಿಲ ಹತ್ರ ಜಾಗ ಇದೆಯಲ್ಲ."

ಅಲ್ಲಿ ಮಂಚ ಹಿಡಿಸಲಿಲ್ಲ. ಮುದುಕಿ ನೆಲಕ್ಕೆ, ಚಾಪೆಗೆ ಬಂದಳು.

ಅವನು ನಾಲ್ಕು ಮೂಲೆಗೂ ಆಳೆತ್ತರದ ಮರದ ಚೌಕಟ್ಟು ನಿಲ್ಲಿಸಿ, ಹತ್ತಿ ಗಿಡಿದು, ಬಟ್ಟೆ ಹೊದಿಸಿದ. ಗುಂಯ್‌ಗುಡುವುದು ನಿಂತಿತು. ಹಿಗ್ಗಿ ಹೀರೆಕಾಯಿಯಾದ.

ಚಳಿ ಬಿದ್ದಾಗ ಮುದುಕಿಗೆ ಸೊಂಟ ಹಿಡಿಯಿತು. ಅವನು ಅಂಗಡಿಗೆ ಹೋದ ಹೊತ್ತಿನಲ್ಲಿ ಹೆಂಡತಿ ಚೌಕಟ್ಟುಗಳ ಹೊಲಿಗೆ ಬಿಚ್ಚಿ, ಹತ್ತಿಯನ್ನೆಲ್ಲ ತೆಗೆದು ಅಮ್ಮನಿಗೆ ಹಾಸಿಗೆ ಹೊಲಿದಳು. ಬಟ್ಟೆಯನ್ನು ಮೊದಲಿನಂತೆಯೇ ಬಿಗಿದಳು. ಅವನು ದಿನಾ ಕೂತು, ಕಣ್ಣು ಮುಚ್ಚಿ, ತಲೆದೂಗುತ್ತಲೇ ಇದ್ದ.

ಒಂದು ರಜಾದಿನ ಅಂಗಡಿಯವರನ್ನೆಲ್ಲ ಕರೆದ. "ಮಂದ್ರ ಎಷ್ಟು ಸ್ವಚ್ಛವಾಗಿದೆ ಕೇಳಿ. ಎಲ್ಲಾ ಆ ಮೂಲೆಗಳ ಮಹಿಮೆ."

ಚಹಾ ತಂದ ಹೆಂಡತಿ, "ಮೂಲೇನ ಒಂದ್ಸಲ ಒತ್ತಿ ನೋಡಿ" ಎಂದಳು.

ಒಬ್ಬ ಒತ್ತಿದ. ಬಟ್ಟೆ ಹಸಿದ ಹೊಟ್ಟೆಯಂತೆ ಒಳಗೆ ಹೋಯಿತು.

"ಹತ್ತಿ ಅಮ್ಮನ ಬೆನ್ನ ಕೆಳಗಿದೆ. ಚಳಿ ಶುರುವಾದಾಗಿಂದ."

ಮನೆ ಹಾರಿಹೋಗುವ ಹಾಗೆ ನಕ್ಕರು. "ನಿನ್ನ ಕಿವಿಗೂ ಒಂದು ಕನ್ನಡಕ ಹಾಕಿಸ್ಬೇಕು ಕಣೋ" ಎಂದ ಒಬ್ಬ. ಹೆಂಡತಿಯೂ ನಕ್ಕಳು, ಮದುವೆಯಾದ ಮೇಲೆ ಅಷ್ಟು ಜೋರಾಗಿ ನಕ್ಕದ್ದು ಅದೇ ಮೊದಲು.

ಅವನೂ ಹಲ್ಲು ಕಿರಿದ. ಎದ್ದು ಹಿಂಬಾಗಿಲಿಗೆ ಹೋದ. "ಅತ್ತೆ, ಸ್ವಲ್ಪ ಏಳಿ" ಎಂದ, ಮೆತ್ತಗೆ.

ಮುದುಕಿ ಗೋಡೆ ಹಿಡಿದು ಕಷ್ಟಪಟ್ಟು ಎದ್ದಳು. "ಬಿಸಿಲಿಗೆ ಹಾಕ್ತೀರಾ ಅಳಿಯಂದ್ರೇ? ಪುಣ್ಯ ಬರ್ಲಿ."

ಅವನು ಹಾಸಿಗೆಯನ್ನು ನಡುಮನೆಗೆ ಎಳೆತಂದು ಎಲ್ಲರೆದುರು ಬ್ಲೇಡಿನಿಂದ ಸೀಳಿದ. ನಗು ನಿಂತಿತು. ಬಂದವರು ಚಹಾ ಬಿಟ್ಟು, ಒಬ್ಬರ ಮುಖ ಒಬ್ಬರು ನೋಡದೆ ಹೊರಟರು.

ಸಂಜೆಗೆಲ್ಲ ಮೂಲೆಗಳು ಮತ್ತೆ ತುಂಬಿದ್ದವು. ಹಾಡು ಹಚ್ಚಿ ಕೂತ. ಏನೂ ವ್ಯತ್ಯಾಸ ತಿಳಿಯಲಿಲ್ಲ. ಇನ್ನಷ್ಟು ಜೋರು ಮಾಡಿದ, ಆಗಲೂ ತಿಳಿಯಲಿಲ್ಲ.

"ಈಗ ಕೇಳು, ಎಷ್ಟು ಚೆನ್ನಾಗಿದೆ" ಎಂದು ಒಳಗೆ ಕೂಗಿದ.

ಹೆಂಡತಿ ತನ್ನ ಬಟ್ಟೆಗಳನ್ನೆಲ್ಲ ಮಡಚಿ ಮಡಚಿ ಅಮ್ಮನ ಚಾಪೆಯ ಮೇಲೆ ಮೆತ್ತೆಯಂತೆ ಒಟ್ಟುತ್ತಿದ್ದಳು. ಮುದುಕಿ ಇನ್ನೂ ಗೋಡೆ ಹಿಡಿದು ನಿಂತೇ ಇದ್ದಳು.