ಕರು ಕೂಗಿದ ಮನೆ

ಬಿಸಿಲೇರುವ ಮುನ್ನ ಎಳೆಗರುವೊಂದರ ಸಣ್ಣ ಕೂಗು. ಚಿಕ್ಕಲಕ್ಷ್ಮಮ್ಮ ನಿಲ್ಲುತ್ತಾರೆ. ಗಂಡಿನ ಮನೆಯ ಅಂಗಳದಲ್ಲಿ ಎರಡು ಕರಾವಿನ ಹಸುಗಳನ್ನು ಕಟ್ಟಿದ್ದಾರೆ. ಕರು ಕೂಗುತ್ತಿರುವುದು ಮಾತ್ರ ಪಕ್ಕದ ಮನೆಯಿಂದ. ಹಸುವೊಂದು ಹಗ್ಗ ಜಗ್ಗಿ ಅತ್ತಲೇ ತಿರುಗುತ್ತದೆ.

ಪುರವರದ ಈ ಅಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಿ ಸಂಬಂಧ ಕುದುರಿಸುತ್ತಾರೆ. ಕುದುರಿದರೆ ಒಂದು ಸೀರೆ, ಮುರಿದರೆ ಬೈಗುಳ. ಹೆಣ್ಣಿನ ಕಡೆಯವರು ಮನೆ ನೋಡಲು ಬರುವ ದಿನ, ಅವರಿಗಿಂತ ಮುಂಚೆ ಹೇಳದೆ ಕೇಳದೆ ಹೋಗುವುದು ಇವರ ಪದ್ಧತಿ. "ಗೋಡೆ ಸುಣ್ಣ ಹಸಿಯಾಗಿದ್ರೇ ನಂಗೆ ಅನುಮಾನ ಕಣಮ್ಮ" ಎನ್ನುತ್ತಾರೆ.

ಕಾರಣವಿದೆ. "ಕೊಟ್ಟಿಗೆ ತುಂಬ ದನ ಐತೆ ಅಂತ ನಮ್ಮಪ್ಪ ಮನೆಯೊಳಗೆ ಇಣುಕ್ದೇನೆ ನನ್ನ ಕೊಟ್ಬುಟ್ಟ. ಟೀಚರ್ ಟ್ರೈನಿಂಗ್ ಸೇರಿದ್ದೆ, ಸಗಣಿ ಬಾಚೋದ್ರಲ್ಲೇ ಮುಗ್ದೋಯ್ತು. ನಂಗೊಂದು ಸಂಬಳ ಬರೋದಾಗಿದ್ರೆ ನನ್ ಮಗಳು ಇವತ್ತು ಕೂಲಿಗೆ ಹೋಗ್ತಿರ್ಲಿಲ್ಲ."

ಈ ಸಲದ ಹುಡುಗಿಯನ್ನು ಅಶ್ವಿನಿ ಎನ್ನೋಣ. ತಾವರೆಕೆರೆ ಕಡೆಯ ನರ್ಸ್. ಮನೆತನದಲ್ಲಿ ಸಂಬಳ ತಂದ ಮೊದಲಿಗಳು. ಬಂದಿರುವ ಸಂಬಂಧ ಎರಡು. ತೋಟದ ಮನೆಯ ಅತ್ತೆ, "ನಮ್ಮನೆ ಸೊಸೆ ಯಾಕೆ ದುಡೀಬೇಕು?" ಎಂದಿದ್ದಾಳೆ. ಈ ಮನೆಯವರು ಕೆಲಸಕ್ಕೆ ಹೋಗಲಿ ಎಂದಿದ್ದಾರೆ. ಆದರೆ ದನಕರು ಇಲ್ಲದ ಮನೆಗೆ ಮಗಳನ್ನು ಕೊಡೆನೆಂಬುದು ತಂದೆ ರಂಗಸ್ವಾಮಿಯ ಹಟ.

ಚಿಕ್ಕಲಕ್ಷ್ಮಮ್ಮ ಒಳಗೆ ಇಣುಕುತ್ತಾರೆ. ಒಲೆಯ ಮುಂದೆ ಹುಡುಗ ಮುದ್ದೆ ತಿರುವುತ್ತಿದ್ದಾನೆ. ಅವನ ತಾಯಿ ಲಕ್ಷ್ಮೀದೇವಿ ಬೆಚ್ಚಿ ಬೀಳುತ್ತಾಳೆ. "ಅಯ್ಯೋ ಅಕ್ಕಯ್ಯಾ, ಇಷ್ಟೊತ್ಗೇ ಬಂದ್ಬುಟ್ರಾ? ದಿನಾ ನಾನು ಗಾರ್ಮೆಂಟ್ಸ್ ಬಸ್ಸಿಗೆ ಓಡ್ಬೇಕು, ಅದಕ್ಕೇ ಇವನೇ ಬೇಯಿಸ್ತಾನೆ. ಗಂಡ್ಸು ಒಲೆ ಮುಂದೆ ಕೂರ್ತಾನೆ ಅಂತ ನೆಂಟರಿಗೆ ಹೇಳ್ಬೇಡ್ರಿ."

ಇದೂ ನಾಟಕವಿರಬಹುದೇ? ಬಿಸಿ ಮುದ್ದೆಯಿಂದ ಒಂದು ತುತ್ತು ಮುರಿದು ಬೆರಳಲ್ಲಿ ಹಿಸುಕಿ ನೋಡುತ್ತಾರೆ. ಗಂಟಿಲ್ಲ. ಒಂದು ದಿನದ ನಾಟಕಕ್ಕೆ ಈ ಹದ ಬರುವುದಿಲ್ಲ.

"ಹಸು ಯಾರ್ದಲಾ?"

ಹುಡುಗ ತಲೆ ತಗ್ಗಿಸುತ್ತಾನೆ. "ಪಕ್ಕದ ಮನೇವು. ಇವತ್ತೊಂದಿನಕ್ಕೆ."

ಹೊರಗೆ ಕರು ಮತ್ತೆ ಕೂಗುತ್ತದೆ; ದೂರದಲ್ಲಿ ನೆಂಟರ ಆಟೋ ಸದ್ದು. ಚಿಕ್ಕಲಕ್ಷ್ಮಮ್ಮ ಬಾಗಿಲತ್ತ ನೋಡಿ, ಹುಡುಗನನ್ನು ಗದರುತ್ತಾರೆ: "ಲೇ, ಹಸು ತಂದು ಕರು ಬುಟ್ಟು ಬಂದ್ರೆ ಯಾವನ್ಲಾ ನಂಬ್ತಾನೆ? ಓಡು, ಅದ್ನೂ ಹಿಡ್ಕಂಡ್ ಬಾ!"

ಆಟೋ ನಿಲ್ಲುತ್ತದೆ. ಕರು ತಾಯಿಯ ಕೆಚ್ಚಲಿಗೆ ಬಾಯಿ ಹಾಕಿದೆ. ರಂಗಸ್ವಾಮಿಯ ಕಣ್ಣು ಮೊದಲು ಬೀಳುವುದು ಅಲ್ಲಿಗೇ.

ಚಿಕ್ಕಲಕ್ಷ್ಮಮ್ಮ ಸೆರಗಿನಲ್ಲಿ ಬೆರಳ ಹಿಟ್ಟು ಒರೆಸಿಕೊಳ್ಳುತ್ತಾರೆ. ಮುದ್ದೆಯ ಸಂಗತಿ ಅಶ್ವಿನಿಗೆ ಹೇಳಬೇಕು. ಹಸುವಿನದು ಯಾರಿಗೂ ಬೇಡ.