ಹರಪನಹಳ್ಳಿಯಲ್ಲಿ ಕಪ್ಪು ಸಂಗೀತಕ್ಕೆ ಹಾರ ಹಾಕಿದ ದಿನ

ನಮ್ಮ ಕಾಲೇಜನ್ನು ನೋಡಲು ತಪಾಸಣಾ ಸಮಿತಿ ಬರುತ್ತದೆ ಎಂದು ಗೊತ್ತಾದ ವಾರವೇ ಗೋಡೆಗಳಿಗೆ ಸುಣ್ಣವಾಯಿತು. ಎಷ್ಟೋ ವರ್ಷದಿಂದ ಮುಚ್ಚಿದ್ದ ಲ್ಯಾಂಗ್ವೇಜ್ ಲ್ಯಾಬಿನ ಕೀಲಿ ಸಿಕ್ಕಿತು. ನಮಗೆಲ್ಲ ಒಂದೊಂದು ಕೆಲಸ ಹಂಚಿದರು. ಸಮಿತಿ ಅಂಕ ಕೊಡುವ ಪಟ್ಟಿಯಲ್ಲಿ 'ಜಾಗತಿಕ ಸಂಸ್ಕೃತಿಯ ಅರಿವು' ಎಂಬ ಖಾನೆಯೊಂದಿತ್ತು. ನಮ್ಮ ಕಾಲೇಜು ಅಲ್ಲಿ ಬರೆಯುವಂಥದ್ದೇನನ್ನೂ ಇದುವರೆಗೆ ಮಾಡಿರಲಿಲ್ಲ. ಆ ಖಾನೆ ನನ್ನ ಪಾಲಿಗೆ ಬಂತು.

ಕಾರಣ ನನ್ನ ಇಯರ್‌ಫೋನ್. ನಾನು ಇಂಗ್ಲಿಷ್ ಪಾಠ ಮಾಡುವವಳು, ದಿನಾ ಹಡಗಲಿಯಿಂದ ಹರಪನಹಳ್ಳಿಗೆ ಬಸ್ಸಿನಲ್ಲಿ ಓಡಾಡುತ್ತೇನೆ. ದಾರಿಯುದ್ದಕ್ಕೂ ಜಾಝ್, ರೆಗೇ, ಕ್ಯಾಲಿಪ್ಸೊ ಏನಾದರೊಂದು ಕೇಳುತ್ತಿರುತ್ತೇನೆ. ಕಪ್ಪು ಜನರ ಹಾಡು ಎಂದು ಒಮ್ಮೆ ಸ್ಟಾಫ್ ರೂಮಿನಲ್ಲಿ ಹೇಳಿದ್ದೆ. ಅದನ್ನು ಪ್ರಿನ್ಸಿಪಾಲರು ನೆನಪಿಟ್ಟುಕೊಂಡಿದ್ದರು.

"ನಿಮ್ಮ ಕಿವ್ಯಾಗಿಂದನ್ನ ಹೊರಗ ತೆಗದು ನಾಕು ಮಂದಿಗೆ ಕೇಳಿಸ್ರಿ ಮೇಡಂ. ಬಡವರು, ತುಳಿತಕ್ಕೊಳಗಾದವರು, ಸಂಗೀತ ಕಟ್ಟಿದ್ರು ಅಂತ ಒಂದು ಕಾರ್ಯಕ್ರಮ. ಸಮಿತಿಯೋರಿಗೆ ಭಾಳ ಹಿಡಸ್ತೈತಿ," ಎಂದರು. ಆಮೇಲೆ, "ಈ ಕ್ಯಾಲಿಪ್ಸೊ ಅಂದ್ರ ಏನ್ರಿ? ಕೆಮ್ಮಿನ ಔಷಧದ ಹೆಸರಿದ್ದಂಗ ಐತಿ," ಎಂದು ಕೇಳಿದರು.

ಕೆರಿಬಿಯನ್ ದ್ವೀಪದ ಹಾಡು, ಊರಿನ ಸುದ್ದಿಯನ್ನೂ ದೊಡ್ಡವರ ಹುಳುಕನ್ನೂ ನಗುನಗುತ್ತ ಹಾಡುವುದು ಎಂದೆ. "ನಮ್ಮ ದೊಡ್ಡೋರ ಸುದ್ದಿ ಬ್ಯಾಡ," ಎಂದು ಒಪ್ಪಿಗೆ ಕೊಟ್ಟರು.

ರೆಗೇ, ಕ್ಯಾಲಿಪ್ಸೊಗಳನ್ನು ರೆಕಾರ್ಡಿಂಗಿನಲ್ಲೇ ಕೇಳಿಸುವುದು, ಜಾಝ್, ಹಿಪ್‌ಹಾಪ್‌ಗಳನ್ನು ಇಲ್ಲಿಯವರಿಂದಲೇ ಮಾಡಿಸುವುದು ಎಂದುಕೊಂಡೆ. ಜಾಝ್‌ಗೆ ನನಗೆ ಮೊದಲು ನೆನಪಾದವರು ಕೊಟ್ಟೂರಿನ ಬ್ಯಾಂಡಿನ ಚಾಚಾ. ಅವರದು ಮೋಟರ್ ವೈಂಡಿಂಗ್ ಅಂಗಡಿ. ಮದುವೆಯ ತಿಂಗಳುಗಳಲ್ಲಿ ಅಂಗಡಿಯನ್ನು ಮಗನಿಗೆ ಬಿಟ್ಟು, ಕೆಂಪು ಕೋಟು ಹಾಕಿಕೊಂಡು ಸ್ಯಾಕ್ಸೋಫೋನ್ ಊದಲು ಹೊರಡುತ್ತಾರೆ. ನನ್ನ ಮದುವೆಯ ಮೆರವಣಿಗೆಯಲ್ಲೂ ಅವರೇ ಊದಿದ್ದರು. ಅಂಗಡಿಗೆ ಹೋಗಿ ಹಳೆಯ ಜಾಝ್ ವಾದಕರೊಬ್ಬರ ರೆಕಾರ್ಡಿಂಗನ್ನು ಫೋನಿನಲ್ಲಿ ಹಾಕಿದೆ. ತಾಮ್ರದ ತಂತಿ ಸುತ್ತುತ್ತಿದ್ದ ಕೈ ನಿಂತಿತು. ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಇಂವ ದಾರಿ ಬಿಟ್ಟು ಹೋಗ್ಯಾನ," ಎಂದರು. "ತಪ್ಪಿ ಹೋಗಿಲ್ಲ, ಬೇಕಂತಾನೇ ಹೋಗ್ಯಾನ. ಮತ್ತ ಎಲ್ಲಿಗೆ ಬರಬೇಕೋ ಅಲ್ಲಿಗೇ ಬಂದಾನ. ಅಲ್ರೀ ಅಕ್ಕಾರ, ಇದಕ್ಕ ಯಾರೂ ಬೈಲಿಲ್ಲೇನು?"

"ಇಲ್ಲ ಚಾಚಾ. ಚಪ್ಪಾಳೆ ಹೊಡೆದರು."

"ನಸೀಬು," ಎಂದರು. "ನಾನು ಒಂದು ಸ್ವರ ಆಕಡಿ ಹೋದ್ರ ಮದುವಿ ಹುಡುಗನ ಮಾವ ಬಂದು ಕೈ ಹಿಡಿತಾನ."

ಹಿಪ್‌ಹಾಪ್‌ಗೆ ನಾನು ಯಾರನ್ನೂ ಹುಡುಕಬೇಕಾಗಲಿಲ್ಲ. ನೋಟಿಸ್ ಹಾಕಿದ ದಿನವೇ ಬಿ.ಎ. ಎರಡನೇ ವರ್ಷದ ಹುಡುಗಿಯೊಬ್ಬಳು ಬಂದಳು. ಉಚ್ಚಂಗಿದುರ್ಗದ ಕಡೆಯ ಒಂದು ಹಳ್ಳಿಯವಳು. ಬೆಳಗಿನ ಬಸ್ಸು, ಅದರಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ, ಯಾರ ಪಕ್ಕದ ಸೀಟು ಕೊನೆಯವರೆಗೂ ಖಾಲಿ ಇರುತ್ತದೆ ಎಂಬುದನ್ನೇ ಪ್ರಾಸ ಕೂಡಿಸಿ ರ‍್ಯಾಪ್ ಬರೆದಿದ್ದಳು. ಕೇಳುತ್ತ ನನಗೆ ನಗು ಬಂತು, ಆಮೇಲೆ ಬರಲಿಲ್ಲ.

ಮರುದಿನ ಅವಳು ತಂದೆಯ ಹಲಗೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ ತಂದಳು. ಅವಳ ತಂದೆ ಹಬ್ಬಕ್ಕೂ ಸಾವಿಗೂ ಹಲಗೆ ಬಾರಿಸುವವರು. ಇಬ್ಬರು ಗೆಳತಿಯರು ಕ್ಲಾಸಿನಲ್ಲಿ ಸರದಿಯಂತೆ ಅದನ್ನು ಬಾರಿಸಿದರು, ಅವಳು ಹಾಡಿದಳು. ಆ ಹೊಡೆತಕ್ಕೆ ಕಿಟಕಿಯ ಗಾಜು ಅದುರಿತು. ಸದ್ದು ಕೇಳಿ ಪ್ರಿನ್ಸಿಪಾಲರು ಬಂದರು, ನೋಡಿದರು, ನನ್ನನ್ನು ಕಾರಿಡಾರಿಗೆ ಕರೆದರು.

"ಮೇಡಂ, ಹಾಡು ಇರಲಿ. ಹಲಗಿ ಬ್ಯಾಡ. ಅದು ಹೆಣದ ಮುಂದ ಬಾರಸದು. ನನಗೇನಿಲ್ರಿ, ಆಡಳಿತ ಮಂಡಳಿ ಹಿರೇರು ಬರ್ತಾರ, ದೀಪ ಹಚ್ಚೋ ಜಾಗ ಅದು."

"ನನಗೇನಿಲ್ಲ" ಎಂಬ ಮಾತನ್ನು ನಾನು ಈ ಕಾಲೇಜಿನಲ್ಲಿ ಬಹಳ ಸಲ ಕೇಳಿದ್ದೇನೆ. ಯಾರನ್ನು ಕೇಳಿದರೂ ಅವರಿಗೇನೂ ಇರುವುದಿಲ್ಲ. ಅಂದು ನನಗೂ ಏನೂ ಇರಲಿಲ್ಲ. "ಆಯ್ತು ಸರ್," ಎಂದೆ. ಕಾರ್ಯಕ್ರಮವೇ ನಿಂತುಹೋದರೆ ಹುಡುಗಿಗೇ ನಷ್ಟ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನಿಜವೂ ಆಗಿತ್ತು, ಅನುಕೂಲವೂ ಆಗಿತ್ತು.

ಒಳಗೆ ಹೋಗಿ ಅವಳಿಗೆ, "ಹಾಲ್ ಸಣ್ಣದಮ್ಮ, ಸೌಂಡ್ ಜಾಸ್ತಿ ಆಗ್ತೈತಂತ. ಹಲಗಿ ಬೇಡ, ಚಪ್ಪಾಳೆ ಹಾಕ್ಕೊಂಡು ಹಾಡು," ಎಂದೆ.

ಅವಳು ನನ್ನ ಮುಖ ನೋಡಿದಳು. "ಸೌಂಡಿಗೇನ್ರಿ ಮೇಡಂ?" ಎಂದಳು. ನಾನು ಹೌದೆಂದೆ. ಅವಳು ಹಲಗೆಯನ್ನು ಮತ್ತೆ ಸೀರೆಯಲ್ಲಿ ಸುತ್ತಿದಳು, ನಿಧಾನವಾಗಿ, ಮಗುವಿಗೆ ಬಟ್ಟೆ ಸುತ್ತಿದ ಹಾಗೆ.

ಅದೇ ವಾರ ನಾನು ತರಗತಿಯಲ್ಲಿ ಕ್ಯಾಲಿಪ್ಸೊ ನಾಡಿನ ಕಥೆ ಹೇಳಿದೆ. ಆಳುವವರು ಅಲ್ಲಿನ ಕಪ್ಪು ಜನರ ಡೋಲಿಗೆ ನಿಷೇಧ ಹಾಕಿದರು. ಜನ ಬಿದಿರು ಕಡಿದು ನೆಲಕ್ಕೆ ಕುಟ್ಟಿದರು. ಅದನ್ನೂ ತಡೆದಾಗ ಬಿಸ್ಕತ್ತಿನ ಡಬ್ಬಿ, ಎಣ್ಣೆ ಪೀಪಾಯಿ ಹಿಡಿದರು. ಕೊನೆಗೆ ಆ ತಗಡಿನಿಂದಲೇ ಸ್ವರ ಹೊರಡಿಸಿದರು. ನಾನು ಇದನ್ನು ಆವೇಶದಿಂದ ಹೇಳಿದೆ, ನಿಷೇಧ ಹಾಕಿದವರ ಸಣ್ಣತನದ ಬಗ್ಗೆ ನಾಲ್ಕು ಮಾತು ಸೇರಿಸಿದೆ. ಅವಳು ಎರಡನೇ ಬೆಂಚಿನಲ್ಲಿ ಕೂತು ಬರೆದುಕೊಳ್ಳುತ್ತಿದ್ದಳು. ನಾನು ಯಾರ ಕಥೆ ಹೇಳುತ್ತಿದ್ದೇನೆ ಎಂಬುದು ನನಗೆ ಹೊಳೆಯಲೇ ಇಲ್ಲ ಎಂದರೆ ಈಗ ಯಾರೂ ನಂಬುವುದಿಲ್ಲ.

ಕಾರ್ಯಕ್ರಮದ ದಿನ ಬೆಳಿಗ್ಗೆ ಫ್ಲೆಕ್ಸ್ ಬಂತು. ನಾಲ್ಕು ಸಂಗೀತಗಳ ನಾಲ್ವರು ಪ್ರವರ್ತಕರ ಚಿತ್ರ ಕಳಿಸಿದ್ದೆ. ಫ್ಲೆಕ್ಸಿನಲ್ಲಿ ನಾಲ್ವರೂ ಗೋಧಿ ಬಣ್ಣಕ್ಕೆ ತಿರುಗಿದ್ದರು. ಅಂಗಡಿಯವನಿಗೆ ಫೋನ್ ಮಾಡಿದೆ.

"ಮುಖ ಸರಿಯಾಗಿ ಕಾಣ್ತಿರ್ಲಿಲ್ರಿ ಮೇಡಂ," ಎಂದ. "ಅದಕ್ಕ ಬೆಳ್ಳಗ ಮಾಡೀನಿ. ಎಕ್ಸ್‌ಟ್ರಾ ಏನೂ ತಗೊಂಡಿಲ್ಲ."

ಹೀಗೆ 'ಕಪ್ಪು ಸಂಗೀತ ಪ್ರವರ್ತಕರಿಗೆ ನಮನ' ಎಂಬ ಅಕ್ಷರಗಳ ಕೆಳಗೆ ಬೆಳ್ಳಗಿನ ನಾಲ್ವರು ನಗುತ್ತ ನಿಂತರು. ಅವರಿಗೆ ಹಾಕಲು ಸೇವಂತಿಗೆ ಹಾರ ಬಂದಿತ್ತು. ಹಿಪ್‌ಹಾಪ್‌ನವರು ಇನ್ನೂ ಬದುಕಿದ್ದಾರೆ, ಹಾರ ಬೇಡ ಎಂದೆ. ಪ್ರಿನ್ಸಿಪಾಲರು ಕೊಂಚ ಯೋಚಿಸಿ, "ಹಂಗಾದ್ರ ಅವರಿಗೆ ಸಣ್ಣದು ಹಾಕೂಣು," ಎಂದರು.

ಸಮಿತಿಯ ಮೂವರು ಮುಂದಿನ ಸಾಲಿನಲ್ಲಿ ಕೂತರು. ದೀಪ ಹಚ್ಚಿದ್ದಾಯಿತು. ಚಾಚಾ ಕೆಂಪು ಕೋಟಿನಲ್ಲಿ ವೇದಿಕೆ ಹತ್ತಿದರು. ಎಲ್ಲರಿಗೂ ಗೊತ್ತಿರುವ ಮದುವೆಯ ರಾಗವೊಂದನ್ನು ಎತ್ತಿಕೊಂಡು ಸ್ವಲ್ಪ ಹೊತ್ತಿಗೆ ಅದನ್ನು ಬಿಟ್ಟರು. ದೂರ ದೂರ ಹೋದರು, ತಿರುಗಿ ನೋಡಿದರು, ಮತ್ತೆ ಹೋದರು. ಅಷ್ಟು ವರ್ಷ ಯಾರ ಮಾವನೂ ಬಿಡದಿದ್ದ ಜಾಗಗಳಿಗೆಲ್ಲ ಅಂದು ಹೋಗಿಬಂದರು. ನನಗೆ ಕಣ್ಣು ತುಂಬಿತು. ಪಕ್ಕದಲ್ಲಿದ್ದ ಸಹೋದ್ಯೋಗಿ ನನ್ನ ಕಡೆ ಬಾಗಿ, "ಇನ್ನೂ ಶ್ರುತಿ ಮಾಡ್ಕೊಳ್ಳಾಕ ಹತ್ಯಾರೇನು?" ಎಂದು ಕೇಳಿದರು. ಚಾಚಾ ಮುಗಿಸಿ ಬಗ್ಗಿ ನಮಸ್ಕರಿಸಿದಾಗ ಸಭೆ ಸುಮ್ಮನೆ ಕೂತಿತ್ತು, ಈಗ ಶುರು ಮಾಡುತ್ತಾರೆಂದು ಕಾಯುತ್ತ. ಅವರು ಇಳಿದು ಹೋದ ಮೇಲೆ ಚಪ್ಪಾಳೆ ಬಿತ್ತು.

ಆಮೇಲೆ ಹುಡುಗಿ ಬಂದಳು. ಗೆಳತಿಯರ ಕೈಯಲ್ಲಿ ಹಾಸ್ಟೆಲ್ ಅಡುಗೆಮನೆಯ ಖಾಲಿ ಎಣ್ಣೆ ಡಬ್ಬಿಗಳಿದ್ದವು. ಅವಳು ಮೈಕ್ ಹಿಡಿದು, "ಡೋಲು ಬ್ಯಾಡ ಅಂದಾಗ ಅವರು ತಗಡು ಬಡಿದ್ರು ಅಂತ ನಮ್ಮ ಮೇಡಂ ಹೇಳಿದ್ರು. ನಮಗೂ ಹಲಗಿ ಬ್ಯಾಡ ಅಂದ್ರು," ಎಂದಳು. ಅಷ್ಟೇ. ಡಬ್ಬಿಗಳ ಮೇಲೆ ಕೋಲು ಬಿತ್ತು. ಅದೇ ಹಲಗೆಯ ಪೆಟ್ಟು, ತಗಡಿನಲ್ಲಿ ಇನ್ನಷ್ಟು ಚುರುಕಾಗಿ. ಬಸ್ಸಿನ ಹಾಡು ಖಾಲಿ ಸೀಟಿಗೆ ಬಂದಾಗ ಹಿಂದಿನ ಬೆಂಚಿನ ಮಕ್ಕಳು ಎದ್ದು ನಿಂತರು. ನಾನು ಪ್ರಿನ್ಸಿಪಾಲರ ಕಡೆ ನೋಡಲಿಲ್ಲ. ಹುಡುಗಿಯ ಕಡೆಯೂ ನೋಡಲಾಗಲಿಲ್ಲ. ಫ್ಲೆಕ್ಸಿನ ನಾಲ್ವರನ್ನು ನೋಡುತ್ತ ಕೂತೆ.

ಸಮಿತಿಯ ಹಿರಿಯರು ಎದ್ದು ನಿಂತು ಚಪ್ಪಾಳೆ ಹೊಡೆದರು. ಪ್ರಿನ್ಸಿಪಾಲರ ಕೈ ಕುಲುಕಿದರು. ಅವರು ಬರೆದ ವರದಿ ಎರಡು ತಿಂಗಳ ಮೇಲೆ ಬಂತು. ಜಾಗತಿಕ ಸಂಸ್ಕೃತಿಯ ಖಾನೆಯಲ್ಲಿ 'ಸಾಧಾರಣ' ಎಂದಿತ್ತು. ಪರಿಸರ ಜಾಗೃತಿಯ ಖಾನೆಯಲ್ಲಿ ಮಾತ್ರ, ವಿದ್ಯಾರ್ಥಿನಿಯರು ತ್ಯಾಜ್ಯ ವಸ್ತುಗಳಿಂದ ವಾದ್ಯ ತಯಾರಿಸಿ ನುಡಿಸಿದ್ದು ಶ್ಲಾಘನೀಯ, ಉಳಿದ ಕಾಲೇಜುಗಳಿಗೆ ಮಾದರಿ ಎಂದು ಬರೆದಿದ್ದರು.

ಆ ಸಾಲನ್ನು ನೋಟಿಸ್ ಬೋರ್ಡಿಗೆ ಹಾಕಿದರು. ಪ್ರಿನ್ಸಿಪಾಲರು ಹುಡುಗಿಯನ್ನು ಕರೆಸಿ, ಕಾಲೇಜಿನ ವಾರ್ಷಿಕೋತ್ಸವಕ್ಕೆ ಅದೇ ಡಬ್ಬಿ ಕಾರ್ಯಕ್ರಮ ಮಾಡು ಎಂದರು. ಅವಳು, "ಹಲಗಿ ಆದ್ರ ಮಾಡ್ತೀನ್ರಿ ಸರ್. ನಮ್ಮಪ್ಪನೂ ಬರ್ತಾನ," ಎಂದಳು. ನಾನು ಅಲ್ಲೇ ಇದ್ದೆ. ಈ ಸಲ ಬಾಯಿ ಬಿಟ್ಟು, ಹಲಗಿ ತರಲಿ ಸರ್ ಎಂದೆ. ಬಹಳ ಧೈರ್ಯದ ಕೆಲಸವೇನಲ್ಲ, ಸಮಿತಿ ಹೋಗಿಯಾಗಿತ್ತು. ಪ್ರಿನ್ಸಿಪಾಲರು ಆಡಳಿತ ಮಂಡಳಿಯವರ ಜೊತೆ ಮಾತಾಡಿ ಒಂದು ದಾರಿ ಕಂಡುಹಿಡಿದರು. ಹಲಗೆ ಗೇಟಿನ ಹತ್ತಿರ, ಅತಿಥಿಗಳನ್ನು ಎದುರುಗೊಳ್ಳಲು. ಹಾಲಿನ ಬಾಗಿಲವರೆಗೆ.

ಆ ಮಾತು ತಲುಪಿಸಲು ಒಂದು ಭಾನುವಾರ ನಾನೇ ಅವರ ಹಳ್ಳಿಗೆ ಹೋದೆ. ಹುಡುಗಿಯ ತಂದೆ ಕಟ್ಟೆಯ ಮೇಲೆ ಕೂತಿದ್ದರು, ತೆಳ್ಳಗಿನ ಮನುಷ್ಯ, ನನ್ನ ವಯಸ್ಸಿನವರೇ. ಎದ್ದು ನಿಂತರು. ನಾನು ಹೇಳಿದ್ದನ್ನು ಕೇಳಿ ಸಿಟ್ಟಾಗಲಿಲ್ಲ.

"ಬಾಗ್ಲ ಮಟ ಬಾರಿಸೋದು ನಮಗೇನು ಹೊಸಾದಲ್ರಿ ಮೇಡಂ," ಎಂದರು. "ಆದ್ರ ಅವತ್ತು ನಂದು ಕೂಡ್ಲಿಗ್ಯಾಗ ಕಾರ್ಯಕ್ರಮ ಐತಿ. ಬರಾಕ ಆಗಲ್ಲ."

ಕಾರ್ಯಕ್ರಮ ಇತ್ತೋ ಇಲ್ಲವೋ ನಾನು ಕೇಳಲಿಲ್ಲ. ಹುಡುಗಿ ಚಹಾ ತಂದಳು. ಕುಡಿಯುವಾಗ ಅವಳು ಮೆಲ್ಲಗೆ, "ಅವತ್ತು ಸೌಂಡಿಗೆ ಅಂತ ಯಾಕ ಹೇಳಿದ್ರಿ ಮೇಡಂ? ಖರೇ ಹೇಳಿದ್ರ ನಾನೇನು ಅಳ್ತಿರ್ಲಿಲ್ಲ," ಎಂದಳು.

"ನನಗ ಹೇಳಾಕ ನಾಚಿಕಿ ಆತು," ಎಂದೆ.

ಅವಳು ತಲೆಯಾಡಿಸಿದಳು. ಕ್ಷಮಿಸಿದಳೋ, ಬರೀ ಕೇಳಿಸಿಕೊಂಡಳೋ ತಿಳಿಯಲಿಲ್ಲ.

ಅವಳ ತಂದೆ ಚಹಾದ ಲೋಟ ಕೆಳಗಿಟ್ಟು, "ಆ ಕರೇ ಮಂದಿ ಪದ ಅಂತ ಇಕಿ ಹೇಳ್ತಿರ್ತಾಳ, ಒಂದು ಹಚ್ರಿ," ಎಂದರು. ನಾನು ರೆಗೇ ಹಾಡೊಂದನ್ನು ಹಾಕಿದೆ. ಅವರು ಎರಡು ಸಲ ಕೇಳಿದರು, ತೊಡೆಯ ಮೇಲೆ ಬೆರಳು ಆಡಿಸಿದರು.

"ಮೊದಲ್ನೇ ಪೆಟ್ಟು ಬಿಟ್ಟಾರ," ಎಂದರು. "ಎಲ್ಲಿ ಬೀಳಬೇಕೋ ಅಲ್ಲಿ ಬಾರಸಂಗಿಲ್ಲ."

ರೆಗೇಯಲ್ಲಿ ತಾಳದ ಮೊದಲ ಪೆಟ್ಟನ್ನು ಖಾಲಿ ಬಿಡುತ್ತಾರೆಂದು ಇಂಗ್ಲಿಷಿನಲ್ಲಿ ನಾನು ಓದಿ ತಿಳಿದಿದ್ದನ್ನು ಅವರು ಕಿವಿಯಲ್ಲೇ ಹಿಡಿದಿದ್ದರು. ಒಳಗಿಂದ ಹಲಗೆ ತಂದು, ಜೋಳದ ಸೊಪ್ಪೆ ಹೊತ್ತಿಸಿ, ಬಿಗಿಯಾಗಲೆಂದು ಚರ್ಮಕ್ಕೆ ಬಿಸಿ ತೋರಿಸಿದರು. ಬಾರಿಸಲು ಶುರು ಮಾಡಿದರು. ಕೈ ತಾನಾಗೇ ಮೊದಲ ಪೆಟ್ಟಿನ ಮೇಲೇ ಬಿತ್ತು. ನಿಲ್ಲಿಸಿದರು, ಮತ್ತೆ ಶುರು ಮಾಡಿದರು, ಮತ್ತೆ ಬಿತ್ತು. ಮಗಳು ನಕ್ಕಳು. ಅವರೂ ನಕ್ಕರು.

"ಬಾರಸೋದಕ್ಕಿಂತ ಬಿಡೋದು ಕಷ್ಟ ಐತ್ರಿ," ಎಂದರು. "ಇನ್ನೊಮ್ಮಿ ಹಚ್ರಿ ನೋಡೂಣು."

ನಾನು ಇನ್ನೊಮ್ಮೆ ಹಚ್ಚಿದೆ. ನಾನು ಹಿಡಿಯಬೇಕಿದ್ದ ನಾಲ್ಕು ಗಂಟೆಯ ಬಸ್ಸು ರಸ್ತೆಯಲ್ಲಿ ಹಾರನ್ ಹೊಡೆದು, ನಿಂತು, ಹೋಯಿತು. ನಾವು ಯಾರೂ ಏಳಲಿಲ್ಲ.